ಎದೆಬಡಿತ ಸರಿಹೋಗುವ ಗಳಿಗೆಯಲ್ಲೇ ಎಚ್ಚರ ತಪ್ಪುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಎದೆ ಢವಢವ ಅಂತ ಬಡಿದುಕೊಳ್ಳುವಾಗ ತಲೆ ಸುತ್ತಿದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಆದರೆ ಕೆಲವರಿಗೆ ಬಡಿತ ಜೋರಾಗಿರುವಷ್ಟು ಹೊತ್ತು ಏನೂ ಆಗುವುದಿಲ್ಲ. ಅದು ನಿಂತು ಸರಿಹೋಗುವ ಕ್ಷಣದಲ್ಲೇ ಕಣ್ಣು ಕತ್ತಲೆ ಬಂದು ಕುಸಿದು ಬೀಳುತ್ತಾರೆ. ನಮ್ಮ ದೊಡ್ಡಮ್ಮನಿಗೆ ಈ ತೊಂದರೆ ಇದೆ. ಅವರ ಜೊತೆ ಆಸ್ಪತ್ರೆಗೆ ಓಡಾಡುವಾಗ ನಮಗೆ ಎದುರಾದ ಪ್ರಶ್ನೆಗಳನ್ನು, ಆಮೇಲೆ ನೆಂಟರು, ಪರಿಚಯದವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಹೇಳಿರುವುದು ಹೆಚ್ಚಾಗಿ ಏಟ್ರಿಯಲ್ ಫಿಬ್ರಿಲೇಷನ್ ಬಗ್ಗೆ, ಅಂದರೆ ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅಡ್ಡಾದಿಡ್ಡಿ ಅದುರುವ ತೊಂದರೆ. ಡಾಕ್ಟರುಗಳು ಅದನ್ನು ಚಿಕ್ಕದಾಗಿ ಎಎಫ್ ಅನ್ನುತ್ತಾರೆ.

ಬಡಿತ ಸರಿಹೋಗುವುದು ಒಳ್ಳೆಯದೇ ಅಲ್ವಾ? ಆಗ ಯಾಕೆ ಎಚ್ಚರ ತಪ್ಪಬೇಕು?

ಸರಿಹೋಗುವುದು ಒಳ್ಳೆಯದೇ. ತೊಂದರೆ ಇರುವುದು ಹಳೆಯ ಬಡಿತ ನಿಂತು ಹೊಸ ಬಡಿತ ಶುರುವಾಗುವ ನಡುವಿನ ಆ ಖಾಲಿ ಸಮಯದಲ್ಲಿ.

ಹೃದಯದ ಬಲಗಡೆ ಮೇಲಿನ ಕೋಣೆಯಲ್ಲಿ ಸೈನಸ್ ನೋಡ್ ಅನ್ನುವ ಒಂದು ಸಣ್ಣ ಭಾಗ ಇದೆ. ಆರಾಮಾಗಿ ಕೂತಿರುವಾಗ ಅದು ನಿಮಿಷಕ್ಕೆ 60ರಿಂದ 100 ಸಲ ವಿದ್ಯುತ್ ಸಂಕೇತ ಕೊಡುತ್ತದೆ, ಆ ಸಂಕೇತಕ್ಕೆ ಸರಿಯಾಗಿ ಹೃದಯ ಬಡಿಯುತ್ತದೆ. ಎಎಫ್ ಶುರುವಾದಾಗ ಮೇಲಿನ ಕೋಣೆಗಳಲ್ಲಿ ನಿಮಿಷಕ್ಕೆ 350ರಿಂದ 600 ಸಲ ಅಡ್ಡಾದಿಡ್ಡಿ ಸಂಕೇತಗಳು ಓಡಾಡುತ್ತವೆ. ಅವೆಲ್ಲ ಕೆಳಗಿನ ಕೋಣೆಗೆ ಇಳಿಯುವುದಿಲ್ಲ, ಆದರೂ ನಾಡಿ 120, 150 ಆಗುವುದು ಸಾಮಾನ್ಯ. ಈ ಗದ್ದಲ ನಡೆಯುವಷ್ಟು ಹೊತ್ತೂ ಸೈನಸ್ ನೋಡ್‌ಗೆ ತನ್ನ ಕೆಲಸ ಮಾಡಲು ಅವಕಾಶವೇ ಸಿಗುವುದಿಲ್ಲ. ಹೊರಗಿನ ಸಂಕೇತಗಳು ಮೇಲಿಂದ ಮೇಲೆ ಬಂದು ಅದನ್ನು ಅದುಮಿಟ್ಟಿರುತ್ತವೆ.

ಎಎಫ್ ನಿಲ್ಲುವುದು ನಿಧಾನವಾಗಿ ಅಲ್ಲ, ಸಟಕ್ಕನೆ. ಆಗ ಸೈನಸ್ ನೋಡ್ ಮತ್ತೆ ತಾನಾಗಿ ಶುರುಮಾಡಬೇಕು. ಅದು ಆರೋಗ್ಯವಾಗಿದ್ದರೆ ಒಂದು, ಒಂದೂವರೆ ಸೆಕೆಂಡಿನಲ್ಲಿ ಮೊದಲ ಬಡಿತ ಬಂದುಬಿಡುತ್ತದೆ. ನಮಗೆ ಗೊತ್ತೂ ಆಗುವುದಿಲ್ಲ. ಅದು ದುರ್ಬಲವಾಗಿದ್ದರೆ ಮೂರು, ಐದು, ಎಂಟು ಸೆಕೆಂಡು, ಕೆಲವರಲ್ಲಿ ಇನ್ನೂ ಜಾಸ್ತಿ ಹೊತ್ತು ಏನೂ ಬರುವುದಿಲ್ಲ. ಅಷ್ಟು ಹೊತ್ತು ಹೃದಯ ಸುಮ್ಮನಿರುತ್ತದೆ. ಮಿದುಳು ರಕ್ತವನ್ನು ಕೂಡಿಟ್ಟುಕೊಳ್ಳುವ ಅಂಗ ಅಲ್ಲ. ರಕ್ತ ಪೂರ್ತಿ ನಿಂತರೆ ಸುಮಾರು ಆರೆಂಟು ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತದೆ. ನಿಂತಿದ್ದರೆ ಅದಕ್ಕೂ ಬೇಗ.

ಸೈನಸ್ ನೋಡ್ ಕೈಕೊಟ್ಟರೆ ಕೆಳಗಿನ ಭಾಗಗಳು ನಿಧಾನವಾಗಿಯಾದರೂ ಬಡಿತ ಶುರುಮಾಡಬೇಕು, ಹೃದಯದಲ್ಲಿ ಅಂಥ ವ್ಯವಸ್ಥೆ ಇದೆ. ಆದರೆ ಈ ತೊಂದರೆ ಇರುವವರಲ್ಲಿ ಅದೂ ತಡಮಾಡುತ್ತದೆ.

ಇದಕ್ಕೆ ಏನು ಹೆಸರು? ಯಾರಿಗೆ ಬರುತ್ತದೆ?

ಬಡಿತ ಬದಲಾಗುವಾಗಿನ ಆ ಖಾಲಿ ಸಮಯಕ್ಕೆ, ಅಂದರೆ ವಿರಾಮಕ್ಕೆ, ರಿಪೋರ್ಟಿನಲ್ಲಿ ಕನ್ವರ್ಷನ್ ಪಾಸ್ (conversion pause) ಅಂತ ಬರೆದಿರುತ್ತಾರೆ. ಬಡಿತ ಒಮ್ಮೆ ಜೋರು, ಒಮ್ಮೆ ತೀರಾ ನಿಧಾನ ಆಗುವ ಒಟ್ಟು ಕಾಯಿಲೆಗೆ ಟ್ಯಾಕಿ-ಬ್ರ್ಯಾಡಿ ಸಿಂಡ್ರೋಮ್ ಅನ್ನುತ್ತಾರೆ. ಇದು ಸಿಕ್ ಸೈನಸ್ ಸಿಂಡ್ರೋಮ್‌ನ ಒಂದು ಬಗೆ.

ಹೆಚ್ಚಾಗಿ ಕಾಣುವುದು ಅರವತ್ತು, ಎಪ್ಪತ್ತು ದಾಟಿದವರಲ್ಲಿ. ವಯಸ್ಸಾದಂತೆ ಸೈನಸ್ ನೋಡ್‌ನಲ್ಲಿ ಜೀವಕೋಶ ಕಡಿಮೆಯಾಗಿ ನಾರು ತುಂಬಿಕೊಳ್ಳುತ್ತದೆ. ಆದರೆ ವಯಸ್ಸೊಂದೇ ಕಾರಣ ಅಲ್ಲ. ಪದೇ ಪದೇ ಬರುವ ಎಎಫ್ ಕೂಡ ಸೈನಸ್ ನೋಡ್ ಅನ್ನು ಮಂಕಾಗಿಸುತ್ತದೆ. ಹೀಗೆ ಮಂಕಾದದ್ದು ಎಎಫ್ ನಿಂತರೆ ಸ್ವಲ್ಪ ಮಟ್ಟಿಗೆ ಚೇತರಿಸಿಕೊಳ್ಳಬಹುದು. ಚಿಕಿತ್ಸೆ ಆರಿಸುವಾಗ ಈ ಒಂದು ವಿಷಯಕ್ಕೆ ಬಹಳ ಬೆಲೆ ಇದೆ, ಮುಂದೆ ಹೇಳುತ್ತೇನೆ.

ಥೈರಾಯ್ಡ್ ತೊಂದರೆ, ರಕ್ತದಲ್ಲಿ ಪೊಟ್ಯಾಸಿಯಂ ಏರುಪೇರು, ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಾ ಉಸಿರು ಕಟ್ಟುವುದು, ಇವನ್ನೂ ಡಾಕ್ಟರು ನೋಡುತ್ತಾರೆ.

ಸಾಮಾನ್ಯ ತಲೆಸುತ್ತಿಗೂ ಇದಕ್ಕೂ ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ?

ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದರಿಂದ. ಈ ಇಡೀ ಪುಟದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ದೇವಸ್ಥಾನದ ಸಾಲಿನಲ್ಲಿ ಬಿಸಿಲಲ್ಲಿ ನಿಂತು, ಬೆವರಿ, ವಾಕರಿಕೆ ಬಂದು, ಕಿವಿ ಗುಂಯ್ ಅಂದು ಆಮೇಲೆ ಬೀಳುವುದು ಬೇರೆ. ಅದು ಬಹುಪಾಲು ನರಗಳ ಪ್ರತಿಕ್ರಿಯೆಯಿಂದ ಬಿಪಿ ಇಳಿದು ಆಗುವಂಥದ್ದು. ಮಲಗಿದ್ದು ತಟ್ಟನೆ ಎದ್ದಾಗ ಕಣ್ಣು ಕತ್ತಲೆ ಬರುವುದೂ ಬೇರೆ.

ಇಲ್ಲಿ ಹಾಗಲ್ಲ. ಮೊದಲು ಎದೆ ಬಡಿದುಕೊಳ್ಳುತ್ತದೆ, ಕೆಲವು ನಿಮಿಷವೋ ಕೆಲವು ಗಂಟೆಯೋ. ಆಮೇಲೆ ಬಡಿತ ಸಟಕ್ಕನೆ ನಿಂತ ಹಾಗೆ ಅನಿಸುತ್ತದೆ. ಮರುಗಳಿಗೆಯಲ್ಲಿ ಎಚ್ಚರ ಇಲ್ಲ. ಕೂತಿರುವಾಗಲೂ ಆಗಬಹುದು, ಟಿವಿ ನೋಡುತ್ತಾ ಮಲಗಿರುವಾಗಲೂ ಆಗಬಹುದು. ಎಚ್ಚರವಾದ ಮೇಲೆ ನಾಡಿ ನೋಡಿದರೆ ಒಂದೇ ಸಮ, ನಿಧಾನ. ಮುಖ ಬಿಳಿಚಿಕೊಂಡದ್ದು ಮತ್ತೆ ಕೆಂಪೇರುತ್ತದೆ. ನಮ್ಮ ದೊಡ್ಡಮ್ಮ ಹೇಳಿದ್ದು ಹೀಗೆ: "ಎದೆಯೊಳಗೆ ಕೋಳಿ ರೆಕ್ಕೆ ಬಡಿದ ಹಾಗೆ ಆಗ್ತಿತ್ತು ಕಣಪ್ಪ. ಸಟಕ್ಕನೆ ನಿಲ್ತು. ಅಬ್ಬಾ ನಿಲ್ತಲ್ಲ ಅಂದುಕೊಂಡೆ, ಅಷ್ಟೇ ಗೊತ್ತು. ಆಮೇಲೆ ನೋಡಿದ್ರೆ ನೆಲದ ಮೇಲಿದ್ದೆ."

ಎಲ್ಲರಿಗೂ ಇಷ್ಟು ಸ್ಪಷ್ಟವಾಗಿ ಗೊತ್ತಾಗುವುದಿಲ್ಲ. ಕೆಲವರಿಗೆ ಎಎಫ್ ಇರುವುದೇ ತಿಳಿಯುವುದಿಲ್ಲ, ಬೀಳುವುದೊಂದೇ ತಿಳಿಯುತ್ತದೆ. ವಿರಾಮ ಚಿಕ್ಕದಿದ್ದರೆ ಪೂರ್ತಿ ಎಚ್ಚರ ತಪ್ಪದೆ ಒಂದು ಕ್ಷಣ ಜೋಲಿ ಹೊಡೆದ ಹಾಗೆ ಆಗುತ್ತದೆ. ವಯಸ್ಸಾದವರು "ಕಾಲು ಜಾರಿತು" ಅಂದುಬಿಡುತ್ತಾರೆ. ಒಣಗಿದ ನೆಲದಲ್ಲಿ ಎರಡನೇ ಸಲ ಕಾಲು ಜಾರಿತು ಅಂದರೆ ಅದನ್ನು ಸುಮ್ನೆ ಬಿಡಬೇಡಿ.

ಇಸಿಜಿ ನಾರ್ಮಲ್ ಬಂತು, ಗ್ಯಾಸ್ಟ್ರಿಕ್ ಇರಬೇಕು ಅಂದರು. ನಂಬಬಹುದಾ?

ಇಸಿಜಿ ತೆಗೆಯುವುದು ಹತ್ತು ಸೆಕೆಂಡಿನಷ್ಟು ಬಡಿತವನ್ನು ಮಾತ್ರ. ನೀವು ಆಸ್ಪತ್ರೆ ತಲುಪುವಷ್ಟರಲ್ಲಿ ಬಡಿತ ಸರಿಹೋಗಿರುತ್ತದೆ, ಪಟ್ಟಿಯೂ ಸರಿಯಾಗಿಯೇ ಬರುತ್ತದೆ. ಹಾಗಾಗಿ ನಾರ್ಮಲ್ ಇಸಿಜಿ ಈ ತೊಂದರೆ ಇಲ್ಲ ಅಂತ ಹೇಳುವುದಿಲ್ಲ. ನಮಗೂ ಮೊದಲು ಗ್ಯಾಸ್ ಮಾತ್ರೆ ಕೊಟ್ಟೇ ಕಳಿಸಿದ್ದರು. ಹೊಟ್ಟೆಯ ಗ್ಯಾಸಿನಿಂದ ಎಚ್ಚರ ತಪ್ಪಿ ಬಿದ್ದರು ಅನ್ನುವ ವಿವರಣೆಗೆ ಯಾರೂ ಸಮಾಧಾನಪಟ್ಟುಕೊಳ್ಳಬಾರದು ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಬೇಕಾಗುವುದು ಜಾಸ್ತಿ ಹೊತ್ತಿನ ದಾಖಲೆ. ಎದೆಗೆ ಅಂಟಿಸಿ ಸೊಂಟಕ್ಕೆ ಕಟ್ಟುವ ಹೋಲ್ಟರ್ 24 ಅಥವಾ 48 ಗಂಟೆ ಬರೆದುಕೊಳ್ಳುತ್ತದೆ. ವಾರ, ಎರಡು ವಾರ ಅಂಟಿಕೊಂಡಿರುವ ಪ್ಯಾಚ್‌ಗಳಿವೆ. ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಬೀಳುವವರಿಗೆ ಇವು ಸಾಲುವುದಿಲ್ಲ. ಅಂಥವರಿಗೆ ಎದೆಯ ಚರ್ಮದ ಕೆಳಗೆ ಬೆರಳ ತುದಿಯಷ್ಟು ದೊಡ್ಡದಾದ ಲೂಪ್ ರೆಕಾರ್ಡರ್ ಇಡುತ್ತಾರೆ. ಅದು ಎರಡು ಮೂರು ವರ್ಷ ಕಾದು ಕೂತಿರುತ್ತದೆ.

ಸಿಕ್ಕಿದಾಗ ಪಟ್ಟಿ ಹೇಗಿರುತ್ತದೆ ಅಂದರೆ, ಎಡಗಡೆಯಿಂದ ಗೆರೆಗಳು ಒತ್ತೊತ್ತಾಗಿ, ಒಂದಕ್ಕೊಂದು ಅಳತೆಯಿಲ್ಲದ ಅಂತರದಲ್ಲಿ ಬರುತ್ತಿರುತ್ತವೆ. ಅವುಗಳ ನಡುವಿನ ತಳದ ಗೆರೆ ಸಣ್ಣಗೆ ನಡುಗುತ್ತಿರುತ್ತದೆ, ಅದೇ ಎಎಫ್. ಒಂದು ಕಡೆ ನಡುಕ ನಿಲ್ಲುತ್ತದೆ. ಅಲ್ಲಿಂದ ಗೆರೆ ಚಪ್ಪಟೆ. ಪಟ್ಟಿಯ ಒಂದು ದೊಡ್ಡ ಚೌಕ ಅಂದರೆ 0.2 ಸೆಕೆಂಡು, ಐದು ಚೌಕಕ್ಕೆ ಒಂದು ಸೆಕೆಂಡು. ದೊಡ್ಡಮ್ಮನ ಪಟ್ಟಿಯಲ್ಲಿ ಡಾಕ್ಟರು ಪೆನ್ನಿನ ತುದಿಯಿಂದ ಆ ಚಪ್ಪಟೆ ಗೆರೆಯ ಮೇಲೆ ಚೌಕ ಎಣಿಸುತ್ತಾ ಹೋದರು, ನಾವೆಲ್ಲ ಉಸಿರು ಹಿಡಿದು ನೋಡಿದೆವು. ಆಮೇಲೆ ಒಂದು ಗೆರೆ, ಮತ್ತೊಂದು, ಆಮೇಲೆ ಒಂದೇ ಸಮ ಬಡಿತ. ಹಗಲಿನಲ್ಲಿ ಮೂರು ಸೆಕೆಂಡಿಗಿಂತ ಉದ್ದದ ವಿರಾಮವನ್ನು ಸಾಮಾನ್ಯವಾಗಿ ಗಂಭೀರವಾಗಿ ನೋಡುತ್ತಾರೆ. ಅದೇ ಹೊತ್ತಿಗೆ ತಲೆ ಸುತ್ತಿತ್ತು ಅಂತ ಡೈರಿಯಲ್ಲಿ ಬರೆದಿದ್ದರೆ ಅನುಮಾನವೇ ಉಳಿಯುವುದಿಲ್ಲ. ಹಾಗಾಗಿ ಹೋಲ್ಟರ್ ಹಾಕಿದಾಗ ಕೊಡುವ ಆ ಕಾಗದವನ್ನು ಖಾಲಿ ವಾಪಸ್ ಕೊಡಬೇಡಿ. ತಲೆ ಸುತ್ತಿದ ಸಮಯವನ್ನು ಗಡಿಯಾರ ನೋಡಿ ಬರೆಯಿರಿ.

ಸ್ಮಾರ್ಟ್‌ವಾಚ್ ಸಾಲದಾ?

ಎಎಫ್ ಇದೆಯಾ ಅಂತ ಸುಳಿವು ಕೊಡಲು ಒಳ್ಳೆಯದು. ಇಸಿಜಿ ಸೌಲಭ್ಯ ಇರುವ ವಾಚ್‌ನಲ್ಲಿ 30 ಸೆಕೆಂಡಿನ ದಾಖಲೆ ತೆಗೆದು ಡಾಕ್ಟರಿಗೆ ತೋರಿಸಬಹುದು. ಆದರೆ ಅದಕ್ಕೆ ಇನ್ನೊಂದು ಕೈಯ ಬೆರಳು ಇಟ್ಟು ಕೂರಬೇಕು. ಬೀಳುತ್ತಿರುವವರು ಅದನ್ನು ಮಾಡಲಾರರು. ವಿರಾಮ ಹಿಡಿಯಲು ವಾಚ್ ನೆಚ್ಚಿಕೊಳ್ಳಬೇಡಿ.

ಬಿದ್ದಾಗ ಕೈಕಾಲು ಅದುರಿತು. ಫಿಟ್ಸ್ ಇರಬಹುದಾ?

ಮಿದುಳಿಗೆ ರಕ್ತ ಹೋಗದಿದ್ದಾಗಲೂ ಕೈಕಾಲು ಕೆಲವು ಸೆಕೆಂಡು ಅದುರಬಹುದು, ಕಣ್ಣು ಮೇಲಕ್ಕೆ ಹೋಗಬಹುದು. ಅದನ್ನು ನೋಡಿದ ಮನೆಯವರು ಫಿಟ್ಸ್ ಅಂತಲೇ ಹೇಳುತ್ತಾರೆ. ತಪ್ಪಿಲ್ಲ, ನೋಡಲು ಹಾಗೇ ಇರುತ್ತದೆ. ವ್ಯತ್ಯಾಸ ಆಮೇಲೆ ಗೊತ್ತಾಗುತ್ತದೆ. ಫಿಟ್ಸ್ ಆದವರು ಸುಮಾರು ಹೊತ್ತು ಗೊಂದಲದಲ್ಲಿರುತ್ತಾರೆ, ನಿದ್ದೆಗೆ ಜಾರುತ್ತಾರೆ, ನಾಲಿಗೆಯ ಪಕ್ಕ ಕಚ್ಚಿಕೊಂಡಿರುತ್ತಾರೆ. ಹೃದಯದಿಂದ ಬಿದ್ದವರು ಬೇಗ ಏಳುತ್ತಾರೆ, ಎದ್ದ ತಕ್ಷಣ ಸರಿಯಾಗಿ ಮಾತಾಡುತ್ತಾರೆ. ಫಿಟ್ಸ್ ಮಾತ್ರೆ ತಗೊಂಡರೂ ಬೀಳುವುದು ನಿಲ್ಲದಿದ್ದರೆ ಹೃದಯದ ಪರೀಕ್ಷೆ ಆಗಿದೆಯಾ ಅಂತ ಕೇಳಲೇಬೇಕು.

ಮಾತ್ರೆಗಳಿಂದ ಹೀಗಾಗುತ್ತದಾ?

ಆಗಬಹುದು. ಇದು ಈ ಕಾಯಿಲೆಯ ದೊಡ್ಡ ಇಕ್ಕಟ್ಟು.

ಬಡಿತ ಜೋರಾಗುತ್ತದೆ ಅಂತ ಅದನ್ನು ಇಳಿಸುವ ಮಾತ್ರೆ ಕೊಡುತ್ತಾರೆ. ಮೆಟೊಪ್ರೊಲಾಲ್, ಅಟೆನೊಲಾಲ್, ಬಿಸೊಪ್ರೊಲಾಲ್, ಡಿಲ್ಟಿಯಾಜೆಮ್, ವೆರಪಾಮಿಲ್, ಡಿಗಾಕ್ಸಿನ್ ಇಂಥವು. ಲಯ ಸರಿಮಾಡಲು ಅಮಿಯೊಡರೋನ್, ಸೊಟಲಾಲ್, ಫ್ಲೆಕನೈಡ್ ಕೊಡುತ್ತಾರೆ. ಇವುಗಳಲ್ಲಿ ಬಹುಪಾಲು ಮಾತ್ರೆಗಳು ಮೊದಲೇ ದುರ್ಬಲವಾಗಿರುವ ಸೈನಸ್ ನೋಡ್ ಅನ್ನು ಇನ್ನಷ್ಟು ನಿಧಾನ ಮಾಡುತ್ತವೆ. ಜೋರು ಬಡಿತಕ್ಕೆ ಮದ್ದು ಕೊಟ್ಟರೆ ವಿರಾಮ ಉದ್ದವಾಗುತ್ತದೆ, ಮದ್ದು ನಿಲ್ಲಿಸಿದರೆ ಬಡಿತ ಓಡುತ್ತದೆ. ಬಿಪಿಗೆ ಅಂತ ಒಬ್ಬ ಡಾಕ್ಟರು, ಬಡಿತಕ್ಕೆ ಅಂತ ಇನ್ನೊಬ್ಬರು ಬರೆದುಕೊಟ್ಟು ಒಂದೇ ಜಾತಿಯ ಎರಡು ಮಾತ್ರೆ ಒಟ್ಟಿಗೆ ಹೊಟ್ಟೆಗೆ ಹೋಗುವುದೂ ಉಂಟು. ಮನೆಯಲ್ಲಿರುವ ಎಲ್ಲಾ ಮಾತ್ರೆಯ ಸ್ಟ್ರಿಪ್‌ಗಳನ್ನೂ ಒಂದು ಕವರ್‌ಗೆ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲಿಡಿ. ಕಣ್ಣಿನ ಹನಿ ಮರೆಯಬೇಡಿ: ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಹನಿಯೂ ಬಡಿತ ಇಳಿಸುತ್ತದೆ. ಕಷಾಯ, ನಾಟಿ ಔಷಧಿ ಏನಾದರೂ ಇದ್ದರೆ ಅದನ್ನೂ ಹೇಳಿ.

ಇದನ್ನು ಓದಿ ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಈ ಜಾತಿಯ ಮಾತ್ರೆಗಳನ್ನು ತಟ್ಟನೆ ಬಿಟ್ಟರೆ ಬಡಿತ ಮತ್ತು ಬಿಪಿ ಏಕಾಏಕಿ ಏರಬಹುದು. ಬೀಳುತ್ತಿದ್ದೇನೆ ಅಂತ ಅದೇ ದಿನ ಡಾಕ್ಟರಿಗೆ ತಿಳಿಸಿ, ಅವರು ಹೇಳಿದಂತೆ ಮಾಡಿ.

ಪ್ರಾಣಕ್ಕೆ ಅಪಾಯ ಇದೆಯಾ?

ಬಹುಪಾಲು ಸಲ ಹೃದಯ ತಾನಾಗಿ ಮತ್ತೆ ಶುರುವಾಗುತ್ತದೆ. ದೊಡ್ಡ ಭಯ ಇರುವುದು ಬೀಳುವುದರಲ್ಲಿ. ಸೊಂಟದ ಮೂಳೆ ಮುರಿಯುವುದು, ತಲೆಗೆ ಪೆಟ್ಟಾಗುವುದು. ಎಎಫ್ ಇರುವವರಲ್ಲಿ ಹಲವರು ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ: ಅಪಿಕ್ಸಬಾನ್, ರಿವರಾಕ್ಸಬಾನ್, ಡಾಬಿಗಟ್ರಾನ್. ರುಮ್ಯಾಟಿಕ್ ಕಾಯಿಲೆಯಿಂದ ಮೈಟ್ರಲ್ ಕವಾಟ ಕಿರಿದಾದವರಿಗೆ ವಾರ್ಫರಿನ್ ಅಥವಾ ಅಸಿಟ್ರಾಮ್. ಇಂಥವರ ತಲೆಗೆ ಪೆಟ್ಟು ಬಿದ್ದರೆ, ಗಾಯ ಕಾಣದಿದ್ದರೂ, "ಚೆನ್ನಾಗೇ ಇದ್ದೀನಿ" ಅಂದರೂ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಒಳಗೆ ರಕ್ತಸ್ರಾವ ನಿಧಾನವಾಗಿ ಆಗುತ್ತಿರಬಹುದು.

ಹಾಗಂತ ಬೀಳುವ ಭಯಕ್ಕೆ ಆ ಮಾತ್ರೆಯನ್ನೇ ಬಿಡುವುದು ಸರಿಯಲ್ಲ. ಎಎಫ್‌ನಿಂದ ಲಕ್ವ ಹೊಡೆಯುವ ಅಪಾಯ ನಿಜವಾದದ್ದು. ಬೀಳುವುದನ್ನು ನಿಲ್ಲಿಸುವ ದಾರಿ ಹುಡುಕಬೇಕು.

ಒಂದು ಎಚ್ಚರಿಕೆ. ಓಡುವಾಗ, ಮೆಟ್ಟಿಲು ಹತ್ತುವಾಗ ಎಚ್ಚರ ತಪ್ಪಿದರೆ, ಎದೆನೋವು ಇದ್ದರೆ, ಮೊದಲೇ ಹಾರ್ಟ್ ಅಟ್ಯಾಕ್ ಆಗಿದ್ದರೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ದಿಢೀರ್ ಅಂತ ತೀರಿಕೊಂಡಿದ್ದರೆ ಕಾರಣ ಬೇರೆ ಇರಬಹುದು, ಇದಕ್ಕಿಂತ ಅಪಾಯದ್ದು ಇರಬಹುದು. ಅಂಥವರು ಅಪಾಯಿಂಟ್‌ಮೆಂಟ್‌ಗೆ ಕಾಯುತ್ತಾ ಕೂರಬಾರದು.

ಆಸ್ಪತ್ರೆಯಲ್ಲಿ ಶಾಕ್ ಕೊಟ್ಟು ಬಡಿತ ಸರಿಮಾಡುವಾಗಲೂ ಹೀಗಾಗುತ್ತದಾ?

ಆಗುತ್ತದೆ. 1960ರ ದಶಕದಲ್ಲಿ ಅಮೆರಿಕದ ಡಾಕ್ಟರ್ ಬರ್ನಾರ್ಡ್ ಲೌನ್ ಶಾಕ್ ಕೊಟ್ಟು ಎಎಫ್ ನಿಲ್ಲಿಸುವ ವಿಧಾನ ತಂದರು. ಕೆಲವರಲ್ಲಿ ಶಾಕ್ ಆದಮೇಲೆ ಸೈನಸ್ ನೋಡ್ ಸರಿಯಾಗಿ ಏಳುವುದಿಲ್ಲ ಅನ್ನುವುದನ್ನು ಗಮನಿಸಿ ಸಿಕ್ ಸೈನಸ್ ಅನ್ನುವ ಹೆಸರು ಬಳಸಿದವರೂ ಅವರೇ. ಈಗ ಶಾಕ್ ಕೊಡುವಾಗ ಬಡಿತ ಹಿಡಿದೆತ್ತುವ ಯಂತ್ರ ಪಕ್ಕದಲ್ಲೇ ಸಿದ್ಧವಾಗಿರುತ್ತದೆ. ಎಸ್‌ವಿಟಿ ಅನ್ನುವ ಇನ್ನೊಂದು ಬಗೆಯ ಜೋರು ಬಡಿತಕ್ಕೆ ಅಡಿನೊಸಿನ್ ಇಂಜೆಕ್ಷನ್ ಕೊಟ್ಟಾಗಲೂ ಕೆಲವು ಸೆಕೆಂಡು ಹೃದಯ ನಿಂತ ಹಾಗಾಗುತ್ತದೆ. ಜೀವ ಹೋದ ಹಾಗೆ ಅನಿಸುತ್ತದೆ, ಆದರೆ ಆ ಔಷಧಿಯ ಪ್ರಭಾವ ಸೆಕೆಂಡುಗಳಲ್ಲೇ ಮುಗಿಯುತ್ತದೆ.

ಪೇಸ್‌ಮೇಕರ್ ಬೇಕೇ ಬೇಕಾ? ಅಬ್ಲೇಷನ್ ಸಾಕಾ?

ಇದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ.

ಪೇಸ್‌ಮೇಕರ್ ಕಾಲರ್ ಮೂಳೆಯ ಕೆಳಗೆ ಎದೆಯ ಚರ್ಮದಡಿ ಇಡುವ ಸಣ್ಣ ಯಂತ್ರ. ಹೃದಯ ಬಡಿಯುತ್ತಿದ್ದರೆ ಸುಮ್ಮನಿರುತ್ತದೆ, ಬಡಿತ ತಡವಾದರೆ ತಾನೇ ಸಂಕೇತ ಕೊಡುತ್ತದೆ. ಹಾಗಾಗಿ ಎಎಫ್ ನಿಂತಾಗ ಆ ಖಾಲಿ ಸಮಯ ಉಳಿಯುವುದಿಲ್ಲ, ಎಚ್ಚರ ತಪ್ಪುವುದಿಲ್ಲ. ಮನುಷ್ಯನ ದೇಹದೊಳಗೆ ಮೊದಲ ಪೇಸ್‌ಮೇಕರ್ ಇಟ್ಟದ್ದು 1958ರಲ್ಲಿ, ಸ್ವೀಡನ್ನಿನಲ್ಲಿ. ಅದನ್ನು ಪಡೆದ ಅರ್ನೆ ಲಾರ್ಸನ್ ದಿನಕ್ಕೆ ಹಲವು ಸಲ ಎಚ್ಚರ ತಪ್ಪಿ ಬೀಳುತ್ತಿದ್ದರು. ಅವರಿಗಿದ್ದದ್ದು ಹಾರ್ಟ್ ಬ್ಲಾಕ್, ಬೇರೆ ಕಾಯಿಲೆ: ರಕ್ತನಾಳ ಕಟ್ಟಿಕೊಳ್ಳುವುದಲ್ಲ, ಮೇಲಿನ ಕೋಣೆಯ ಸಂಕೇತ ಕೆಳಗಿನ ಕೋಣೆಗೆ ಇಳಿಯದಿರುವುದು. ಮೊದಲ ಯಂತ್ರ ಕೆಲವೇ ಗಂಟೆ ನಡೆಯಿತು. ಆಮೇಲೆ ಯಂತ್ರ ಬದಲಿಸುತ್ತಾ ಬದಲಿಸುತ್ತಾ ಅವರು 2001ರವರೆಗೆ ಬದುಕಿದರು. ಪೇಸ್‌ಮೇಕರ್ ಅಂದರೆ ಬದುಕು ಮುಗಿಯಿತು ಅಂದುಕೊಳ್ಳುವವರಿಗೆ ನಾನು ಅವರ ವಿಷಯವನ್ನೇ ಹೇಳುತ್ತೇನೆ.

ಅಬ್ಲೇಷನ್ ಬೇರೆ ದಾರಿ. ತೊಡೆಸಂದಿನ ರಕ್ತನಾಳದಿಂದ ತೆಳು ತಂತಿಯಂಥ ಕೊಳವೆ ಹಾಕಿ, ಎಎಫ್ ಹುಟ್ಟುವ ಜಾಗವನ್ನು ಬಿಸಿಯಿಂದಲೋ ತಣ್ಣನೆಯಿಂದಲೋ ಬೇರ್ಪಡಿಸುತ್ತಾರೆ. ಹೆಚ್ಚಿನವರಲ್ಲಿ ಎಎಫ್ ಕೆರಳಿಸುವ ಬಡಿತಗಳು ಶ್ವಾಸಕೋಶದಿಂದ ರಕ್ತ ತರುವ ನಾಳಗಳ ಬಾಯಿಯ ಹತ್ತಿರ ಹುಟ್ಟುತ್ತವೆ ಅಂತ 1998ರಲ್ಲಿ ಫ್ರಾನ್ಸಿನ ಬೋರ್ಡೊದ ಡಾಕ್ಟರುಗಳು ತೋರಿಸಿದ ಮೇಲೆ ಈ ಚಿಕಿತ್ಸೆ ಬೆಳೆಯಿತು. ಎಎಫ್ ಬಾರದಿದ್ದರೆ ಅದು ನಿಲ್ಲುವ ಪ್ರಶ್ನೆಯೂ ಇಲ್ಲ, ವಿರಾಮವೂ ಇಲ್ಲ. ಸೈನಸ್ ನೋಡ್ ಕೂಡ ಚೇತರಿಸಿಕೊಳ್ಳಬಹುದು. ಎಎಫ್ ನಿಂತಾಗ ಮಾತ್ರ ವಿರಾಮ ಬರುವವರಿಗೆ, ಪೇಸ್‌ಮೇಕರ್ ತಪ್ಪಿಸಲು ಅಬ್ಲೇಷನ್ ಯೋಚಿಸಬೇಕು ಅಂತ 2020ರ ಯುರೋಪಿನ ಮಾರ್ಗಸೂಚಿಯೂ ಹೇಳಿದೆ.

ಹಾಗಾದರೆ ಯಾರಿಗೆ ಯಾವುದು? ಉಳಿದ ಹೊತ್ತಿನಲ್ಲಿ ನಾಡಿ ಚೆನ್ನಾಗಿದ್ದು, ಎಎಫ್ ಬಂದು ಹೋಗುವ ಬಗೆಯದಾಗಿದ್ದು, ವಯಸ್ಸು ಅಷ್ಟು ಜಾಸ್ತಿ ಇಲ್ಲದಿದ್ದರೆ ಅಬ್ಲೇಷನ್ ಬಗ್ಗೆ ಕೇಳದೆ ಪೇಸ್‌ಮೇಕರ್‌ಗೆ ಒಪ್ಪಬೇಡಿ ಅನ್ನುವುದು ನನ್ನ ಅಭಿಪ್ರಾಯ. ಎಎಫ್ ಇಲ್ಲದಾಗಲೂ ನಾಡಿ 40ರ ಆಸುಪಾಸಿನಲ್ಲಿ ಇದ್ದು ಸುಸ್ತಾಗುತ್ತಿದ್ದರೆ, ವಯಸ್ಸಾಗಿ ಪದೇ ಪದೇ ಬೀಳುತ್ತಿದ್ದರೆ ಪೇಸ್‌ಮೇಕರ್ ಹಾಕಿಸಿಕೊಳ್ಳುವುದು ನೇರವಾದ ದಾರಿ. ಅಬ್ಲೇಷನ್ ಆದಮೇಲೂ ಎಎಫ್ ಮತ್ತೆ ಬರಬಹುದು, ಎರಡನೇ ಸಲ ಮಾಡಬೇಕಾಗಬಹುದು. ದೊಡ್ಡಮ್ಮನಿಗೆ ಪೇಸ್‌ಮೇಕರ್ ಹಾಕಿದರು. ಅವರ ನಾಡಿ ಮಿಕ್ಕ ಹೊತ್ತಿನಲ್ಲೂ ತೀರಾ ನಿಧಾನ ಇತ್ತು.

ಈ ಎರಡರಲ್ಲಿ ಒಂದನ್ನು ಆರಿಸಲು ಬಡಿತದ ತೊಂದರೆಗಳನ್ನೇ ನೋಡುವ ಹೃದಯ ತಜ್ಞರನ್ನು ಕಾಣಿ. ಅವರನ್ನು ಎಲೆಕ್ಟ್ರೋಫಿಸಿಯಾಲಜಿಸ್ಟ್ ಅನ್ನುತ್ತಾರೆ. ಆಸ್ಪತ್ರೆಯಲ್ಲಿ "ಇಪಿ ಡಾಕ್ಟರು ಯಾವ ದಿನ ಸಿಗುತ್ತಾರೆ" ಅಂತ ಕೇಳಿದರೆ ಸಾಕು. ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆ ಇದೆ. ಬಿಪಿಎಲ್ ಕಾರ್ಡ್ ಇರುವವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಏನು ಸಿಗುತ್ತದೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ವಿಚಾರಿಸಿ.

ಪೇಸ್‌ಮೇಕರ್ ಹಾಕಿದ ಮೇಲೆ ಎಎಫ್ ನಿಲ್ಲುತ್ತದಾ?

ಇಲ್ಲ. ಅದು ನಿಧಾನವಾಗುವುದನ್ನು ತಡೆಯುತ್ತದೆ, ಜೋರಾಗುವುದನ್ನಲ್ಲ. ಆದರೆ ಅದು ಇದ್ದಾಗ ಬಡಿತ ಇಳಿಸುವ ಮಾತ್ರೆಗಳನ್ನು ಧೈರ್ಯವಾಗಿ ಕೊಡಬಹುದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಯನ್ನೂ ಡಾಕ್ಟರು ಹೇಳುವವರೆಗೆ ಬಿಡಬೇಡಿ.

ಮನೆಯಲ್ಲಿ ಬಿದ್ದರೆ ಏನು ಮಾಡಬೇಕು?

ಎತ್ತಿ ಕೂರಿಸಬೇಡಿ. ನೆಲದ ಮೇಲೆ ಚಪ್ಪಟೆಯಾಗಿ ಮಲಗಿಸಿ, ಕಾಲು ಸ್ವಲ್ಪ ಎತ್ತಿ ಹಿಡಿಯಿರಿ. ಬಾಯಿಗೆ ನೀರು ಹಾಕಬೇಡಿ. ಮೂಗಿಗೆ ಈರುಳ್ಳಿ, ಕೈಗೆ ಕಬ್ಬಿಣದ ಕೀಲಿಕೈ ಇವುಗಳಿಂದ ಏನೂ ಆಗುವುದಿಲ್ಲ, ಇರುವ ಸಮಯ ಹಾಳು. ಉಸಿರು, ನಾಡಿ ನೋಡಿ. ನಾಡಿ ಒಂದೇ ಸಮ ಇದೆಯೋ ಅಡ್ಡಾದಿಡ್ಡಿಯೋ, ಎಷ್ಟು ಹೊತ್ತಿಗೆ ಎಚ್ಚರವಾಯಿತು, ಬೀಳುವ ಮುಂಚೆ ಏನಂದರು, ಇವನ್ನು ಬರೆದಿಡಿ. ಡಾಕ್ಟರಿಗೆ ಇದಕ್ಕಿಂತ ಬೆಲೆಬಾಳುವ ಮಾಹಿತಿ ಇಲ್ಲ.

ಒಂದು ನಿಮಿಷದೊಳಗೆ ಎಚ್ಚರವಾಗದಿದ್ದರೆ 108ಕ್ಕೆ ಫೋನ್ ಮಾಡಿ. ಉಸಿರಾಟ ಸರಿಯಾಗಿ ಇಲ್ಲದಿದ್ದರೆ ಕಾಯಬೇಡಿ, ಎದೆಯ ನಡುವೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಐದಾರು ಸೆಂಟಿಮೀಟರ್ ಒಳಗೆ ಹೋಗುವಂತೆ ಒತ್ತಲು ಶುರುಮಾಡಿ.

ಚಿಕಿತ್ಸೆ ಆಗುವವರೆಗೆ ಏನು ಎಚ್ಚರಿಕೆ?

ಗಾಡಿ ಓಡಿಸಬೇಡಿ, ಸ್ಕೂಟರ್ ಕೂಡ ಬೇಡ. ಏಣಿ, ತೆಂಗಿನಮರ, ಬಾವಿಕಟ್ಟೆ, ಕೆರೆಯಲ್ಲಿ ಒಬ್ಬರೇ ಈಜುವುದು ಎಲ್ಲವೂ ಬಂದ್. ಬಚ್ಚಲುಮನೆಯ ಚಿಲಕ ಹಾಕಿಕೊಳ್ಳಬೇಡಿ, ಕುರ್ಚಿ ಇಟ್ಟುಕೊಂಡು ಸ್ನಾನ ಮಾಡಿ. ಎದೆ ಬಡಿದುಕೊಳ್ಳಲು ಶುರುವಾದರೆ ಇದ್ದಲ್ಲೇ ಕೂರಿ, ಸಾಧ್ಯವಾದರೆ ಮಲಗಿಬಿಡಿ. ಬಡಿತ ಸರಿಹೋಯಿತು ಅನಿಸಿದ ತಕ್ಷಣ ಎದ್ದು ನಡೆಯಬೇಡಿ, ಇನ್ನೂ ಸ್ವಲ್ಪ ಹೊತ್ತು ಹಾಗೇ ಇರಿ. ಕತ್ತು ಒತ್ತಿ ಬಡಿತ ಇಳಿಸುವ ಪ್ರಯೋಗ ಮನೆಯಲ್ಲಿ ಖಂಡಿತ ಬೇಡ. ಮದ್ಯ ಎಎಫ್ ಕೆರಳಿಸುತ್ತದೆ, ಅದನ್ನು ಬಿಡುವುದು ಒಳ್ಳೆಯದು.

ಪೇಸ್‌ಮೇಕರ್ ಇದ್ದರೆ ಮೊಬೈಲ್, ಮಿಕ್ಸಿ ಬಳಸಬಹುದಾ?

ಧಾರಾಳವಾಗಿ. ಮೊಬೈಲನ್ನು ಯಂತ್ರ ಇರುವ ಕಡೆಯ ಜೇಬಿನಲ್ಲಿ ಇಡಬೇಡಿ, ಸುಮಾರು 15 ಸೆಂಟಿಮೀಟರ್ ದೂರ ಇರಲಿ, ಇನ್ನೊಂದು ಕಿವಿಗೆ ಹಿಡಿದು ಮಾತಾಡಿ. ಮಿಕ್ಸಿ, ಟಿವಿ, ಮೈಕ್ರೋವೇವ್‌ನಿಂದ ತೊಂದರೆ ಇಲ್ಲ. ಇಂಡಕ್ಷನ್ ಒಲೆಯಿಂದ ಸ್ವಲ್ಪ ದೂರ ನಿಂತು ಅಡುಗೆ ಮಾಡಿ. ವೆಲ್ಡಿಂಗ್ ಕೆಲಸದವರು ಡಾಕ್ಟರನ್ನು ಕೇಳಿಯೇ ಕೆಲಸಕ್ಕೆ ಹೋಗಬೇಕು. ಮೊದಲ ಕೆಲವು ವಾರ ಆ ಕಡೆಯ ಕೈಯನ್ನು ಭುಜಕ್ಕಿಂತ ಮೇಲೆ ಎತ್ತಬೇಡಿ, ಬಿಂದಿಗೆ ಹೊರಬೇಡಿ. ಎಂಆರ್‌ಐ ಮಾಡಿಸಬೇಕಾಗಿ ಬಂದರೆ ನಿಮ್ಮ ಯಂತ್ರಕ್ಕೆ ಅದು ಆಗುತ್ತದಾ ಅಂತ ಮೊದಲೇ ಕೇಳಿ. ಆಸ್ಪತ್ರೆಯವರು ಕೊಟ್ಟ ಪೇಸ್‌ಮೇಕರ್ ಕಾರ್ಡ್ ಯಾವಾಗಲೂ ಪರ್ಸಿನಲ್ಲಿರಲಿ. ಏರ್‌ಪೋರ್ಟ್‌ನಲ್ಲಿ, ಮಾಲ್‌ನಲ್ಲಿ ಅದನ್ನೇ ತೋರಿಸಿ.